ಕೋಳಿಯ ತಲೆ ಯಾರ ಕಡೆಗೆ

ಶಿಯಾಮೆನ್
೨೦ ಜನವರಿ ೧೯೯೮

ಹೊಂಗ್ ಮೇಸ್ತ್ರಿಗಳಿಗೆ ಬೀಯುನ್ ಮಾಡುವ ನಮಸ್ಕಾರಗಳು.

ನೀವು ಕ್ಷೇಮವಾಗಿ ಊರು ಮುಟ್ಟಿದಿರೆಂದು ಬಸ್ಸಿನ ಚಾಲಕ ಅಹೈ ಹೇಳಿದ. ಈ ಕಾಗದವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ಹೊಸ ವರ್ಷದ ಹಬ್ಬದ ಗದ್ದಲದಲ್ಲಿ ಅದು ನಿಮ್ಮ ಆನ್‌ಶಿ ಬೆಟ್ಟ ಹತ್ತುವುದು ಯಾವಾಗಲೋ. ನಿಮ್ಮ ಹಳ್ಳಿಯ ಅಂಗಡಿಗೆ ಎರಡು ಸಲ ಫೋನು ಮಾಡಿದೆ. ಅಂಗಡಿಯಾಕೆ ಮೈಕಿನಲ್ಲಿ ನಿಮ್ಮ ಹೆಸರು ಕೂಗಿದ್ದು ಫೋನಿನಲ್ಲಿ ನನಗೇ ಕೇಳಿಸಿತು. ಊರಿಗೆಲ್ಲ ಕೇಳಿಸಿದ್ದು ನಿಮಗೊಬ್ಬರಿಗೆ ಕೇಳಿಸಲಿಲ್ಲವೆಂದರೆ ನಂಬುವುದು ಹೇಗೆ? ಐವತ್ತೆರಡಕ್ಕೇ ಕಿವಿ ಮಂದವಾಯಿತೇ?

ತಮಾಷೆ ಹಾಗಿರಲಿ. ನಿನ್ನೆ ಬೀಗ ಹಾಕಿಸಲೆಂದು ಕಾರ್ಖಾನೆಯ ವೆಲ್ಡಿಂಗ್ ಶೆಡ್ಡಿಗೆ ಹೋಗಿದ್ದೆ. ನಿಮ್ಮ ಬೆಂಚಿನ ಮೇಲೆ ಚಹಾದ ಮಗ್ಗು ಇರಲಿಲ್ಲ. ಮೊಳೆಯಲ್ಲಿ ಬೆಸುಗೆಯ ಮುಖವಾಡವೂ ಇರಲಿಲ್ಲ. ನಾಲ್ಕು ವರ್ಷ ಹಬ್ಬಕ್ಕೆ ಹೋಗುವಾಗ ಎರಡನ್ನೂ ಅಲ್ಲೇ ಬಿಟ್ಟು ಹೋಗುತ್ತಿದ್ದಿರಿ, "ಇವು ನನ್ನ ಜಾಗ ಕಾಯ್ತವೆ" ಎನ್ನುತ್ತಿದ್ದಿರಿ. ಅಲ್ಲಿಂದ ಹಾಸ್ಟೆಲಿಗೆ ಹೋದೆ. ನಿಮ್ಮ ಹನ್ನೊಂದು ಜನ ಶಿಷ್ಯರ ಹೊದಿಕೆಗಳೂ ಇರಲಿಲ್ಲ. ಬರಿ ಹಲಗೆಯ ಹನ್ನೆರಡು ಮಂಚಗಳನ್ನು ಎಣಿಸಿ ಹಿಂದಿರುಗಿದೆ.

ವರ್ಷಾಂತ್ಯದ ಊಟದ ದಿನ ನಿಮ್ಮ ಮೇಜಿನಲ್ಲಿ ಏನಾದರೂ ನಡೆಯಿತೇ? ನಾನು ಅಡಿಗೆಯವರ ಹಿಂದೆ ಓಡಾಡುತ್ತಿದ್ದೆ, ನನಗೇನೂ ಕಾಣಲಿಲ್ಲ. ಹುಡುಗರು ಕೋಳಿಯ ತಲೆಯ ಬಗ್ಗೆ ಗುಸುಗುಸು ಎನ್ನುತ್ತಿದ್ದರಂತೆ. ಊಟದಲ್ಲಿ ಧಣಿ ಕೋಳಿಯ ತಲೆಯನ್ನು ಯಾರ ಕಡೆ ತಿರುಗಿಸುತ್ತಾನೋ ಅವನಿಗೆ ಹಬ್ಬ ಕಳೆದ ಮೇಲೆ ಕೆಲಸವಿಲ್ಲ ಎಂಬುದು ನಮ್ಮಜ್ಜಂದಿರ ಕಾಲದ ಮಾತು. ಅದನ್ನು ಈಗ ಯಾರು ನಂಬುತ್ತಾರೆ? ಅದೂ ನಾರ್ವೆಯಿಂದ ಬಂದ ಧಣಿ, ಐನಾರ್ ಸಾಹೇಬರಂಥವರು! ಅವರಿಗೆ ಕೋಳಿ ಎಂದರೆ ಕೋಳಿ ಅಷ್ಟೆ. ಇವತ್ತು ಬೆಳಿಗ್ಗೆಯೂ ನನ್ನನ್ನು ಕರೆದು, "ಹೊಂಗ್ ಖುಷಿಯಾಗಿ ಊರಿಗೆ ಹೋದ್ರು ತಾನೆ?" ಎಂದು ಕೇಳಿದರು. "ತುಂಬಾ ಖುಷಿಯಾಗಿ," ಎಂದೆ.

ಫೆಬ್ರವರಿ ನಾಲ್ಕಕ್ಕೆ, ಹೊಸ ವರ್ಷದ ಎಂಟನೆಯ ದಿನ, ಬಾಗಿಲು ತೆರೆಯುತ್ತೇವೆ. ಬರುತ್ತೇನೆ ಎಂದು ಒಂದು ಸಾಲು ಬರೆದು ಅಹೈ ಕೈಯಲ್ಲಿ ಕೊಡಿ. ಅಮ್ಮನವರಿಗೆ ನನ್ನ ನಮಸ್ಕಾರ.

ಬೀಯುನ್


ದಾಕೆಂಗ್ ಹಳ್ಳಿ, ಆನ್‌ಶಿ
೨೫ ಜನವರಿ

ತಂಗಿ ಬೀಯುನ್‌ಗೆ,

ಕಾಗದ ತಲುಪಿತು. ಕಿವಿ ಚೆನ್ನಾಗಿದೆ.

ಅವ್ವನಿಗೆ ಮೈಯಲ್ಲಿ ಹುಷಾರಿಲ್ಲ. ಹಂದಿಗೂಡಿನ ಹಂಚು ಜಾರಿದೆ. ಚಹಾ ಗಿಡಗಳ ಬುಡ ಕೆದರಿ ಎರಡು ವರ್ಷವಾಯಿತು. ಕೈತುಂಬ ಕೆಲಸವಿರುವುದರಿಂದ ಎಂಟನೆಯ ದಿನಕ್ಕೆ ಬರುವುದನ್ನು ಈಗಲೇ ಹೇಳಲಾಗದು.

ಮಗ್ಗನ್ನು ತೊಳೆಯಲೆಂದು ತಂದೆ. ಹುಡುಗರ ಹೊದಿಕೆಯ ವಿಷಯ ನನಗೆ ಗೊತ್ತಿಲ್ಲ, ಅವರವರ ಹೊದಿಕೆ ಅವರವರದು. ನಾನು ಯಾರಿಗೂ ಏನೂ ಹೇಳಿಲ್ಲ.

ಕೋಳಿಯ ಮಾತನ್ನು ನಾನು ಎತ್ತಿರಲಿಲ್ಲ, ನೀನೇ ಎತ್ತಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದು ತಂಗಿ.

ಅಹೈ ಕೈಯಲ್ಲಿ ಹಬ್ಬದ ಸಿಹಿ ಅಕ್ಕಿಕಡುಬು ಕಳಿಸಿದ್ದೇನೆ. ಧಣಿಗೂ ಒಂದು ತುಂಡು ಕೊಡು. ಅವರು ನನ್ನನ್ನು ಒಳ್ಳೆಯ ಮರ್ಯಾದೆಯಿಂದ ಇಟ್ಟುಕೊಂಡಿದ್ದರು.

ಹೊಂಗ್ ಶುಯಿಮು


ಶಿಯಾಮೆನ್
೩೧ ಜನವರಿ

ಮೇಸ್ತ್ರಿಗಳೇ,

"ಇಟ್ಟುಕೊಂಡಿದ್ದರು" ಎಂದು ಬರೆದಿದ್ದೀರಿ, "ಇಟ್ಟುಕೊಂಡಿದ್ದಾರೆ" ಎಂದು ಬರೆದಿಲ್ಲ. ಆ ಸಾಲು ಓದಿ ಕಡುಬಿನ ಪೊಟ್ಟಣವನ್ನು ಮತ್ತೆ ಕಟ್ಟಿಟ್ಟೆ. ಮಗ್ಗು ತೊಳೆಯಲು ಒಯ್ದಿರಂತೆ. ಆ ಮಗ್ಗಿನೊಳಗಿನ ಚಹಾದ ಕಪ್ಪು ಹೋದರೆ ಚಹಾದ ರುಚಿಯೇ ಹೋಗುತ್ತದೆ ಎಂದು ಕಸಗುಡಿಸುವ ಹೆಂಗಸಿನ ಜೊತೆ ಜಗಳವಾಡಿದವರು ನೀವು. ನನಗೇ ಸುಳ್ಳು ಹೇಳುತ್ತೀರಾ?

ಆದರೆ ಮೊದಲು ಸುಳ್ಳು ಹೇಳಿದವಳು ನಾನು. ಊಟದ ದಿನ ನನಗೇನೂ ಕಾಣಲಿಲ್ಲ ಎಂದು ಬರೆದದ್ದು ಸುಳ್ಳು. ನಿಮ್ಮೆದುರಿನ ಕುರ್ಚಿಯಲ್ಲೇ ಕೂತಿದ್ದೆ, ಅದು ನಿಮಗೂ ಗೊತ್ತು. ಧಣಿ ಎದ್ದು ನಿಂತು, ನಗುನಗುತ್ತಾ, ಎರಡೂ ಕೈಯಿಂದ ತಟ್ಟೆ ತಿರುಗಿಸಿದರು. ಕೋಳಿಯ ಕೊಕ್ಕು ನೇರ ನಿಮ್ಮ ಎದೆಗೆ ಬಂದು ನಿಂತಿತು. ಇಡೀ ಮೇಜಿನ ಚಾಪ್‌ಸ್ಟಿಕ್ಕುಗಳು ನಿಂತುಹೋದವು.

ಅವರು ಯಾಕೆ ಹಾಗೆ ಮಾಡಿದರು ಗೊತ್ತೇ? ನಾಲ್ಕು ವರ್ಷದಿಂದ ನಮ್ಮೂರ ಔತಣಗಳಲ್ಲಿ ಮೀನಿನ ತಲೆಯನ್ನು ದೊಡ್ಡ ಅತಿಥಿಯ ಕಡೆ ತಿರುಗಿಸುವುದನ್ನು ನೋಡಿದ್ದಾರೆ. ಮೀನಿಗೆ ಇದ್ದ ಮರ್ಯಾದೆ ಕೋಳಿಗೂ ಇದೆ ಎಂದುಕೊಂಡರು. ಅವತ್ತು ಬೆಳಿಗ್ಗೆ ನನ್ನನ್ನು ಕೇಳಿದ್ದರು, "ನಮ್ಮಲ್ಲಿ ಎಲ್ಲರಿಗಿಂತ ಒಳ್ಳೇ ಕೆಲಸಗಾರ ಯಾರು?" ಎಂದು. ನಾನು ನಿಮ್ಮ ಹೆಸರು ಹೇಳಿದೆ. ಸಂಜೆ ಅವರು ನಿಮಗೆ ಮಾಲೆ ಹಾಕುವ ಬದಲು ಕೋಳಿ ತಿರುಗಿಸಿದರು. ನಾನು ಬಾಯಿ ತೆರೆಯಬೇಕೆಂದಿದ್ದೆ. ಆದರೆ ಅವರ ಎಡಬಲದಲ್ಲಿ ಹೆಡ್ಡಾಫೀಸಿನ ಇಬ್ಬರು ಕೂತಿದ್ದರು. ಅಷ್ಟು ಜನರ ಮುಂದೆ "ನೀವು ತಪ್ಪು ಮಾಡಿದಿರಿ" ಎಂದು ಧಣಿಗೆ ಹೇಳುವುದು ಹೇಗೆ? ನಿಮ್ಮ ಮಾನ ಉಳಿಸಲು ಹೋದರೆ ಅವರ ಮಾನ ಹೋಗುತ್ತಿತ್ತು. ಸುಮ್ಮನಾದೆ.

ಅದನ್ನು ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಹೇಳಿದರೆ ಹದಿನೇಳು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ.

ಈಗ ಬೇರೆ ಮಾತು. ನಿಮಗೆ ಏನು ಬೇಕು ಎಂದು ನನಗೆ ಅರ್ಥವಾಯಿತು. ನೀವು ಬಾಯಿ ಬಿಟ್ಟು ಕೇಳುವವರಲ್ಲ, ಹಂದಿಗೂಡಿನ ಹಂಚಿನ ನೆಪ ಹೇಳುವವರು. ನಾನು ಧಣಿಯ ಹತ್ತಿರ ಮಾತಾಡಿದೆ. ಬಂದರೆ ನಿಮ್ಮನ್ನು ಶೆಡ್ಡಿನ ಮುಖ್ಯಸ್ಥರನ್ನಾಗಿ ಮಾಡುತ್ತಾರೆ. ಗಾಜಿನ ಕೋಣೆ, ಬಾಗಿಲ ಮೇಲೆ ಹೆಸರು. ಬೇಡ ಎನ್ನಬೇಡಿ.

ಫೆಬ್ರವರಿ ಹದಿನಾರಕ್ಕೆ ಹಡಗಿನ ಬಾಯ್ಲರುಗಳ ತಪಾಸಣೆಗೆ ಬರುತ್ತಾರೆ. ಒಳಗಿನ ಬೆಸುಗೆ ನೀವು ಮತ್ತು ನಿಮ್ಮವರು ಮಾಡಬೇಕಾದದ್ದು, ಬೇರೆ ಯಾರ ಕೈಗೂ ಅದು ಬಗ್ಗದು. ಈ ಸಲ ತಪ್ಪಿದರೆ ಕೆಲಸವನ್ನೆಲ್ಲ ಪೋಲೆಂಡಿಗೆ ಒಯ್ಯುತ್ತೇವೆ ಎಂದು ಹೆಡ್ಡಾಫೀಸಿನವರು ಬರೆದಿದ್ದಾರೆ. ತೊಂಬತ್ತೆರಡು ಜನ ಬೀದಿಗೆ ಬೀಳುತ್ತೇವೆ. ನನಗೆ ಭಯವಾಗಿದೆ ಮೇಸ್ತ್ರಿಗಳೇ. ಮುನಿಸು ಬಿಟ್ಟು ಬನ್ನಿ.

ಬೀಯುನ್


ದಾಕೆಂಗ್
೩ ಫೆಬ್ರವರಿ

ಬೀಯುನ್,

ಗಾಜಿನ ಕೋಣೆ ನನಗೆ ಬೇಡ. ಮೂವತ್ತು ವರ್ಷ ಕಪ್ಪು ಗಾಜಿನ ಹಿಂದೆ ಬೆಂಕಿ ನೋಡಿದವನಿಗೆ ಬಿಳಿ ಗಾಜಿನ ಹಿಂದೆ ಏನು ಕೆಲಸ? ನಾನು ಚೌಕಾಸಿ ಮಾಡುತ್ತಿದ್ದೇನೆ ಎಂದುಕೊಂಡೆಯಲ್ಲ, ಅದು ಕೋಳಿಗಿಂತ ಹೆಚ್ಚು ನೋಯಿಸಿತು.

ನಾನು ಯಾರಿಗೂ ಹೇಳದ ಒಂದು ವಿಷಯ ಬರೆಯುತ್ತೇನೆ. ತೊಂಬತ್ತಮೂರರಲ್ಲಿ ಸರ್ಕಾರಿ ಹಡಗುಕಟ್ಟೆಯ ಗೇಟಿನ ಪಕ್ಕ ಕೆಂಪು ಕಾಗದ ಅಂಟಿಸಿದ್ದರು. ನೀನೂ ಆಗ ಅಲ್ಲೇ ಗುಮಾಸ್ತೆಯಾಗಿದ್ದೆ. ಯಾರಿಗೋ ಬಹುಮಾನ ಬಂದಿರಬೇಕು ಎಂದು ನಾನೂ ಗುಂಪಿನಲ್ಲಿ ನುಗ್ಗಿ ನೋಡಿದೆ. ಮೂರನೆಯ ಹೆಸರು ನನ್ನದು. ಕೆಲಸದಿಂದ ಇಳಿಸಿದವರ ಪಟ್ಟಿ ಅದು. ಕೈಯಲ್ಲಿ ಊಟದ ಡಬ್ಬಿ ಇತ್ತು. ಮರುದಿನವೂ ಡಬ್ಬಿ ಹಿಡಿದು ಮನೆಯಿಂದ ಹೊರಟೆ. ಮೂರು ತಿಂಗಳು ದೋಣಿಗಟ್ಟೆಯಲ್ಲಿ ಕೂತು ಊಟ ಮಾಡಿ, ಸಂಜೆ ಮನೆಗೆ ಹೋಗುತ್ತಿದ್ದೆ. ಆಗ ಹೆಂಡತಿಯೂ ಶಿಯಾಮೆನ್‌ನಲ್ಲೇ ಇದ್ದಳು, ಅವಳಿಗೆ ಹೇಳಲು ಹೆದರಿಕೆ. ಅವಳಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ. ನನಗೆ ಗೊತ್ತಾಗದಿರಲಿ ಎಂದು ಅವಳೂ ದಿನಾ ಡಬ್ಬಿ ಕಟ್ಟುತ್ತಿದ್ದಳು.

ಆ ದೋಣಿಗಟ್ಟೆಗೆ ಸೈಕಲ್ ಹೊಡೆದುಕೊಂಡು ಬಂದವಳು ನೀನು. "ಮೇಸ್ತ್ರಿಗಳೇ, ನಾರ್ವೆಯವರು ಹೊಸ ಕಾರ್ಖಾನೆ ತೆಗೀತಿದಾರೆ, ಬೆಂಕಿ ಹಿಡಿಯೋ ಕೈ ಬೇಕಂತೆ, ಏಳಿ ಮೇಲೆ," ಎಂದೆ. ಆ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ. ಅದಕ್ಕೇ ಇದನ್ನು ಕೇಳುತ್ತಿದ್ದೇನೆ.

ಧಣಿಗೆ ಕೋಳಿ ಗೊತ್ತಿಲ್ಲ, ಒಪ್ಪಿದೆ. ತಟ್ಟೆ ತಿರುಗಿದಾಗಲೇ ಅದು ನನಗೆ ಗೊತ್ತಾಯಿತು. ಪಾಪ, ಅವರ ಮುಖದ ತುಂಬ ನಗುವಿತ್ತು. ನಾನು ಅವರನ್ನು ನೋಡಲೇ ಇಲ್ಲ, ತಲೆ ಎತ್ತಿ ನಿನ್ನನ್ನು ನೋಡಿದೆ. ನೀನು ಅಲ್ಲ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಒಂದು ಸಲ ನಕ್ಕಿದ್ದರೂ ಸಾಕಿತ್ತು. ನಾನೇ ಆ ತಲೆ ಮುರಿದು ಬಾಯಿಗೆ ಹಾಕಿಕೊಂಡು ಎಲ್ಲರನ್ನೂ ನಗಿಸುತ್ತಿದ್ದೆ. ಆದರೆ ನೀನು ಕಣ್ಣು ತಗ್ಗಿಸಿದೆ. ಖಾಲಿ ಬಟ್ಟಲಲ್ಲಿ ಇಲ್ಲದ ಅನ್ನ ಕೆದಕಿದೆ. ನನ್ನ ಹುಡುಗರೂ ಅದನ್ನು ನೋಡಿದರು.

ಧಣಿಯ ಮಾನ ಉಳಿಸಲು ಸುಮ್ಮನಾದೆ ಎಂದು ಬರೆದಿದ್ದೀಯ. ಸುಮ್ಮನಾಗುವುದು ಬೇರೆ, ಕಣ್ಣು ತಗ್ಗಿಸುವುದು ಬೇರೆ. ನಾನು ಹಡಗುಕಟ್ಟೆಯಲ್ಲಿ ಆ ಎರಡನ್ನೂ ಕಂಡಿದ್ದೇನೆ. ಪಟ್ಟಿ ಅಂಟಿಸುವ ಮುಂಚಿನ ವಾರ ಕಚೇರಿಯವರೆಲ್ಲ ಹೀಗೇ ನೆಲ ನೋಡಿಕೊಂಡು ಓಡಾಡುತ್ತಿದ್ದರು.

ನಿನಗೆ ಏನು ಗೊತ್ತು, ಹೇಳು.

ಊರಿಗೆ ಬಂದಾಗಿನಿಂದ ಬಲಗೈ ನಡುಗುತ್ತಿದೆ. ಹೊದಿಸುವಾಗ ಎರಡು ಸಲ ಹಂಚು ಕೈಜಾರಿ ಬಿತ್ತು. ಹೀಗೆ ನಡುಗುವ ಕೈಯಲ್ಲಿ ಬಾಯ್ಲರು ಬೆಸೆದರೆ ಒಂದು ದಿನ ಹಡಗಿನಲ್ಲಿ ಯಾರ ಜೀವ ಹೋಗುತ್ತದೋ. ಇನ್ನೊಂದು ವಿಷಯ: ಚುವಾನ್‌ಜೋದ ತೈವಾನಿನವರ ಕಾರ್ಖಾನೆಯಿಂದ ಒಬ್ಬ ಮನೆಗೆ ಬಂದಿದ್ದ. ಎರಡು ಕೋಳಿ, ಒಂದು ಹಂದಿಕಾಲು ತಂದಿದ್ದ. ನನ್ನನ್ನೂ ಹನ್ನೊಂದು ಜನರನ್ನೂ ಒಟ್ಟಿಗೆ ಕರೆಯುತ್ತಿದ್ದಾರೆ. ದೀಪದ ಹಬ್ಬಕ್ಕೆ ಮುಂಚೆ, ಹೊಸ ವರ್ಷದ ಹದಿನೈದನೆಯ ದಿನದೊಳಗೆ, ಉತ್ತರ ಹೇಳಬೇಕು.

ಹೊಂಗ್ ಶುಯಿಮು


ಶಿಯಾಮೆನ್
೫ ಫೆಬ್ರವರಿ

ಮೇಸ್ತ್ರಿಗಳೇ,

ಇವತ್ತು ಹೊಸ ವರ್ಷದ ಒಂಬತ್ತನೆಯ ದಿನ, ಆಕಾಶದೊಡೆಯನ ಹುಟ್ಟುಹಬ್ಬ. ಬಾಗಿಲಲ್ಲಿ ಕಬ್ಬು ಕಟ್ಟಿ, ಊದುಬತ್ತಿ ಹಚ್ಚಿ, ಮೊಣಕಾಲೂರಿ ನಮಸ್ಕರಿಸಿ ಬಂದು ಈ ಕಾಗದಕ್ಕೆ ಕೂತಿದ್ದೇನೆ. ಇವತ್ತು ಸುಳ್ಳು ಬರೆದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ನನ್ನಮ್ಮ ಹೇಳುತ್ತಿದ್ದಳು.

ನಿನ್ನೆ ಬಾಗಿಲು ತೆರೆದೆವು. ಪಟಾಕಿ ಹಚ್ಚಿದೆವು. ಧಣಿ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಕೆಂಪು ಲಕೋಟೆ ಕೊಟ್ಟರು. ಕೊನೆಗೆ ಹನ್ನೆರಡು ಲಕೋಟೆ ಉಳಿದವು. ಧಣಿ ಅವನ್ನು ಕೈಯಲ್ಲಿ ಹಿಡಿದುಕೊಂಡು ರಸ್ತೆ ನೋಡುತ್ತಾ ನಿಂತರು. ಪಟಾಕಿಯ ಕಾಗದ ಗುಡಿಸುವವಳು ಅವರ ಕಾಲಿನ ಸುತ್ತ ಗುಡಿಸಿ ಹೋದಳು. "ಬಸ್ಸು ತಡವಾಗಿರಬೇಕು," ಎಂದರು. ನಾನು ಹೌದು ಎಂದೆ. ಲಕೋಟೆಗಳು ಈಗ ನನ್ನ ಮೇಜಿನ ಖಾನೆಯಲ್ಲಿವೆ.

ನನಗೆ ಏನು ಗೊತ್ತು ಎಂದು ಕೇಳಿದಿರಿ.

ಜನವರಿ ಎಂಟಕ್ಕೆ ನಾರ್ವೆಯಿಂದ ನನ್ನ ಹೆಸರಿಗೆ ಒಂದು ಫ್ಯಾಕ್ಸು ಬಂತು. ಹಬ್ಬದ ನಂತರ ಐದು ಜನರನ್ನು ಕಡಿಮೆ ಮಾಡಬೇಕು. ಸಿಬ್ಬಂದಿ ನೋಡಿಕೊಳ್ಳುವವಳು ನಾನಾದ್ದರಿಂದ ಹೆಸರು ನಾನೇ ಆರಿಸಬೇಕು. ವಯಸ್ಸು ಐವತ್ತು ದಾಟಿದವರನ್ನು ಮೊದಲು ನೋಡಬೇಕು. ಧಣಿಗೂ ಇನ್ನೂ ತಿಳಿಸಬಾರದು. ನಾನು ಎರಡು ದಿನ ಊಟ ಬಿಟ್ಟು ಯೋಚಿಸಿದೆ. ಮೂರನೆಯ ದಿನ ಬರೆದೆ. ಐದು ಹೆಸರಿನಲ್ಲಿ ಮೊದಲನೆಯದು ನಿಮ್ಮದು.

ಯಾಕೆ ಎಂದು ಕೇಳಿ. ನಿಮಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಉಗ್ರಾಣದ ಮುದುಕ ಪಾನ್‌ಗೆ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀವು ಹೋದರೆ ಹನ್ನೊಂದು ಜನ ನಿಮ್ಮ ಹಿಂದೆ ಬರುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇಪ್ಪತ್ತು ವರ್ಷದಿಂದ ಜನರ ಕೆಲಸ ನೋಡುತ್ತಿರುವ ನನಗೆ ಅದು ಹೊಳೆಯಲಿಲ್ಲ ನೋಡಿ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವಿತ್ತು. ನೀವು ನನ್ನನ್ನು ಬೈಯುವುದಿಲ್ಲ ಎಂದು ಗೊತ್ತಿತ್ತು. ಉಳಿದವರು ಕಚೇರಿಗೆ ಬಂದು ಅರಚುತ್ತಾರೆ, ನೀವು ಮಗ್ಗು ಎತ್ತಿಕೊಂಡು ಸುಮ್ಮನೆ ಹೋಗುತ್ತೀರಿ. ನೀವು ಹಾಗೇ ಮಾಡಿದಿರಿ.

ಪಟ್ಟಿ ಬರೆದು ಖಾನೆಯಲ್ಲಿಟ್ಟು ಬೀಗ ಹಾಕಿದೆ, ಕಳಿಸಲು ಕೈ ಬರಲಿಲ್ಲ. ಹದಿನಾಲ್ಕಕ್ಕೆ ಊಟ. ಏನೂ ಗೊತ್ತಿಲ್ಲದ ಆ ಮನುಷ್ಯ ತಟ್ಟೆ ತಿರುಗಿಸಿದರು. ನನ್ನ ಖಾನೆಯೊಳಗಿನ ಕಾಗದವನ್ನು ಕೋಳಿ ಓದಿಬಿಟ್ಟಿತು ಎನಿಸಿತು. ನೀವು ನನ್ನನ್ನು ನೋಡಿದಿರಿ. ಅಲ್ಲ ಎಂದು ಹೇಗೆ ತಲೆಯಾಡಿಸಲಿ ಮೇಸ್ತ್ರಿಗಳೇ? ಅದು ಹೌದಾಗಿತ್ತು.

ಅವತ್ತಿನಿಂದ ನನಗೆ ಎಲ್ಲರ ಭಯ. ಪಾನ್ ಅಜ್ಜ ನಮಸ್ಕಾರ ಎಂದರೆ ಭಯ. ಅಡಿಗೆಮನೆಯವರು ನನ್ನ ಬಟ್ಟಲಿಗೆ ಹೆಚ್ಚು ಚಿಪ್ಪುಮೀನು ಹಾಕಿದರೆ ಇವರಿಗೂ ಗೊತ್ತಾಗಿದೆ ಎಂದು ಭಯ. ಕನ್ನಡಿ ನೋಡಿಕೊಂಡರೂ ಭಯ. ತೊಂಬತ್ತಮೂರರ ಕೆಂಪು ಕಾಗದದ ಮಾತು ಬರೆದಿರಿ. ಅದರ ಅಕ್ಷರ ಯಾರದೆಂದು ನೀವು ನೋಡಲಿಲ್ಲವೇ? ಬರೆದವಳು ನಾನು. ಹೆಸರು ಆರಿಸಿದ್ದು ಮೇಲಿನವರು, ನನ್ನ ಕೈಬರಹ ದುಂಡಗಿತ್ತೆಂದು ನನ್ನ ಕೈಯಲ್ಲಿ ಬರೆಸಿದರು. ದೋಣಿಗಟ್ಟೆಗೆ ಸೈಕಲ್ ಹೊಡೆದುಕೊಂಡು ಬಂದದ್ದು ಅದಕ್ಕೇ. ಒಂದು ಸಲ ತೀರಿಸಿದ ತಪ್ಪನ್ನು ಎರಡನೆಯ ಸಲವೂ ಮಾಡಿದೆ.

ಇವತ್ತು ಬೆಳಿಗ್ಗೆ ಹಳೇ ಪಟ್ಟಿ ಸುಟ್ಟೆ. ಹೊಸದನ್ನು ಬರೆದು ಫ್ಯಾಕ್ಸು ಮಾಡಿಬಿಟ್ಟೆ. ಅದರಲ್ಲಿ ನಿಮ್ಮ ಹೆಸರಿಲ್ಲ, ನಿಮ್ಮ ಹುಡುಗರ ಹೆಸರೂ ಇಲ್ಲ. ಯಾರ ಹೆಸರಿದೆ ಎಂದು ಕೇಳಬೇಡಿ. ಕೋಳಿಯ ವಿಷಯವನ್ನೂ ಧಣಿಗೆ ಹೇಳುತ್ತೇನೆ.

ಚುವಾನ್‌ಜೋಗೆ ಹೋಗುವುದಾದರೆ ಹೋಗಿ, ನನಗೆ ತಡೆಯುವ ಹಕ್ಕಿಲ್ಲ. ಬರುವುದಾದರೆ ಇನ್ನು ಆ ಮೇಜಿನಲ್ಲಿ ಯಾರೂ ನಿಮ್ಮನ್ನು ಕಂಡು ಕಣ್ಣು ತಗ್ಗಿಸುವುದಿಲ್ಲ. ಅಷ್ಟನ್ನು ಆಕಾಶದೊಡೆಯನ ಮುಂದೆ ಹೇಳಬಲ್ಲೆ.

ಬೀಯುನ್


ದಾಕೆಂಗ್
೮ ಫೆಬ್ರವರಿ

ಬೀಯುನ್,

ನಿನ್ನ ಕಾಗದವನ್ನು ಹಂದಿಗೂಡಿನ ಹಿಂದೆ ನಿಂತು ಓದಿದೆ. ಮೊದಲ ಸಲ ಓದಿದಾಗ ಹರಿದು ಹಾಕಬೇಕೆನ್ನಿಸಿತು. ಕೆಂಪು ಕಾಗದದ ಅಕ್ಷರ ನಿನ್ನದೆಂದು ನನಗೆ ಅವತ್ತೇ ಗೊತ್ತಿತ್ತು. ಹಡಗುಕಟ್ಟೆಯಲ್ಲಿ ಅಷ್ಟು ದುಂಡಗೆ ಬರೆಯುವವರು ಇನ್ಯಾರಿದ್ದರು? ನೀನು ಸೈಕಲ್ಲಿನಲ್ಲಿ ಬಂದಾಗ ಅದನ್ನು ಎತ್ತುವುದು ಬೇಡವೆನಿಸಿತು. ಇನ್ನೊಬ್ಬರು ಆರಿಸಿದ ಹೆಸರನ್ನು ಬರೆಯುವುದು ಹೊಟ್ಟೆಪಾಡು. ಆದರೆ ಈ ಸಲ ಆರಿಸಿದವಳು ನೀನು.

ಯಾರ ಹೆಸರಿದೆ ಎಂದು ಕೇಳಬೇಡಿ ಎಂದೆ. ಕೇಳುತ್ತೇನೆ. ನನ್ನ ಜಾಗಕ್ಕೆ ಯಾರನ್ನು ಹಾಕಿದೆ? ಇನ್ನೊಬ್ಬನ ಕತ್ತಿನ ಮೇಲೆ ಕಾಲಿಟ್ಟು ನಾನು ಬೆಂಚಿಗೆ ಹತ್ತುವುದಿಲ್ಲ. ಬೇಗ ಬರೆ, ಅಹೈ ನಾಳೆ ಹೊರಡುತ್ತಾನೆ, ನಾಡಿದ್ದು ತಿರುಗಿ ಬರುತ್ತಾನೆ.

ಉತ್ತರ ಬಂದರೂ ಬರದಿದ್ದರೂ ಹದಿನೈದನೆಯ ದಿನ ನಾನೇ ಬಂದು ನೋಡುತ್ತೇನೆ. ಹುಡುಗರೂ ಬರುತ್ತಾರಂತೆ, ಬೇಡ ಎಂದರೂ ಕೇಳುತ್ತಿಲ್ಲ. ಮಗ್ಗು ತರುತ್ತೇನೋ ಇಲ್ಲವೋ ಗೊತ್ತಿಲ್ಲ.

ಹೊಂಗ್ ಶುಯಿಮು


ಶಿಯಾಮೆನ್
೨೦ ಮಾರ್ಚ್

ತಂಗಿ ಬೀಯುನ್‌ಗೆ,

ನೀನು ಈಗಿರುವ ನಿನ್ನ ಅಕ್ಕನ ಮನೆಯ ಜಾಂಗ್‌ಜೋ ವಿಳಾಸ ಸಿಗಲು ಐದು ವಾರ ಹಿಡಿಯಿತು. ಕಚೇರಿಯವರು ಕೊಡಲಿಲ್ಲ. ಕೊನೆಗೆ ಕಸಗುಡಿಸುವ ಹೆಂಗಸು ಕೊಟ್ಟಳು, ಮಗ್ಗು ತೊಳೆಯಲು ಬಿಡುತ್ತೇನೆಂದು ಮಾತು ತೆಗೆದುಕೊಂಡ ಮೇಲೆ.

ನನ್ನ ಕಾಗದಕ್ಕೆ ನೀನು ಯಾಕೆ ಉತ್ತರ ಬರೆಯಲಿಲ್ಲ ಎಂದು ಹದಿನೈದನೆಯ ದಿನ ಕಚೇರಿಗೆ ಕಾಲಿಟ್ಟ ಕೂಡಲೇ ತಿಳಿಯಿತು. ನಿನ್ನ ಮೇಜು ಖಾಲಿ. ಕುರ್ಚಿಯಲ್ಲಿ ಬೇರೆ ಹುಡುಗಿ. ಅವಳು ಖಾನೆ ಎಳೆದು, "ಇದು ನಿಮಗಂತೆ, ಬೀಯುನ್ ಅಕ್ಕ ಹೇಳಿ ಹೋಗಿದಾರೆ," ಎಂದು ಹನ್ನೆರಡು ಕೆಂಪು ಲಕೋಟೆ ಕೊಟ್ಟಳು. ಪಟ್ಟಿಯ ಮೊದಲ ಹೆಸರು ನಿನ್ನದೇ, ಕೆ ಬೀಯುನ್, ಎಂದು ಆಮೇಲೆ ಧಣಿ ಹೇಳಿದರು. ಉಳಿದ ನಾಲ್ವರನ್ನು ನಿನ್ನಿಂದಲೂ ಉಳಿಸಲಾಗಲಿಲ್ಲ. ಪಾನ್ ಅಜ್ಜ ಉಗ್ರಾಣದ ಬೀಗದಕೈಯನ್ನು ತೊಳೆದು ಒರೆಸಿ ಕೊಟ್ಟುಹೋದನಂತೆ.

ಧಣಿಗೆ ನೀನು ಕೋಳಿಯ ಕಥೆ ಹೇಳಿ ಹೋಗಿದ್ದೀಯ. ನಾನು ಶೆಡ್ಡಿಗೆ ಬಂದ ಕೂಡಲೇ ಆ ಉದ್ದನೆಯ ಮನುಷ್ಯ ಬಂದು ನನ್ನೆದುರು ತಲೆಬಾಗಿಸಿ ನಿಂತುಬಿಟ್ಟರು. ನನ್ನ ಹುಡುಗರು ಎಲ್ಲಿ ನೋಡಬೇಕೆಂದು ತಿಳಿಯದೆ ಸೂರು ನೋಡಿದರು. "ಅಷ್ಟು ಜನ ಇದ್ರಲ್ಲ, ಒಬ್ಬರಾದ್ರೂ ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. ಧಣಿಗೆ ತಪ್ಪು ತೋರಿಸಬಾರದೆಂದು ನಮಗೆ ತಾಯಿ ಹಾಲಿನ ಜೊತೆ ಕುಡಿಸಿದ್ದಾರೆ. ನಾನೇ ಅವತ್ತು ಎದ್ದು, "ಸಾಹೇಬ್ರೇ, ಇದರರ್ಥ ಹೀಗೆ," ಎಂದಿದ್ದರೆ ಆಗುತ್ತಿತ್ತು. ನಾನೂ ಮಗ್ಗು ಎತ್ತಿಕೊಂಡು ಹೋದೆ. ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿ ಕಾಗದ ಬರೆದೆ, ಅದಕ್ಕೆ ನನ್ನನ್ನು ಕ್ಷಮಿಸು.

ನಿನ್ನನ್ನು ವಾಪಸು ಕರೆಸಿ ಎಂದು ಕೇಳಿದೆ. ಹೆಡ್ಡಾಫೀಸಿನವರು ಒಪ್ಪಲಿಲ್ಲ ಎಂದರು. ಹಾಗಾದರೆ ನಾವೂ ಹೊರಟೆವು ಎನ್ನಬೇಕೆಂದಿದ್ದೆ. ಹನ್ನೊಂದು ಮುಖ ನೋಡಿ ಬೆಂಚಿನ ಕಡೆ ನಡೆದೆ.

ಹದಿನಾರಕ್ಕೆ ತಪಾಸಣೆಯಾಯಿತು. ಕೈ ನಡುಗಲಿಲ್ಲ. ನೀರು ತುಂಬಿಸಿ ಒತ್ತಡ ಹಾಕಿದರು, ಒಂದು ಹನಿಯೂ ಜಿನುಗಲಿಲ್ಲ. ಪೋಲೆಂಡಿನ ಮಾತು ನಿಂತಿತು. ಮಾರನೆಯ ದಿನ ನನ್ನನ್ನು ಶೆಡ್ಡಿನ ಮುಖ್ಯಸ್ಥನನ್ನಾಗಿ ಮಾಡಿದರು. ಬೇಡವೆಂದರೂ ಬಿಡಲಿಲ್ಲ. ನನ್ನನ್ನು ಇಲ್ಲೇ ಕಟ್ಟಿಹಾಕಲು ಗಾಜಿನ ಕೋಣೆ, ಗಾಲಿಯ ಕುರ್ಚಿ, ಬಾಗಿಲ ಮೇಲೆ ಹೆಸರು ಎಲ್ಲ ಕೊಟ್ಟರು. ಒಪ್ಪಿಕೊಂಡೆ. ಊರಿನಲ್ಲಿರುವ ಹೆಂಡತಿಗೆ ಕಾಗದ ಬರೆಯುವಾಗ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ಮೊನ್ನೆ ಗಾಜಿನ ಕೋಣೆಗೆ ಒಂದು ಫ್ಯಾಕ್ಸು ಬಂತು, ಮೇಲೆ ನನ್ನ ಹೆಸರಿದೆ. ವೆಲ್ಡಿಂಗ್ ಶೆಡ್ಡಿನಿಂದ ಮೂವರನ್ನು ತಿಂಗಳ ಕೊನೆಯೊಳಗೆ ಕಡಿಮೆ ಮಾಡಬೇಕಂತೆ. ಮುಖ್ಯಸ್ಥನೇ ಆರಿಸಬೇಕಂತೆ. ಯಾರಿಗೂ ಹೇಳಬಾರದಂತೆ.

ನಿನ್ನ ಹಾಗೆ ನನ್ನ ಹೆಸರನ್ನೇ ಮೊದಲು ಬರೆಯೋಣ ಎಂದು ಕೂತೆ. ಪೆನ್ನು ಹಿಡಿದೆ. ದೋಣಿಗಟ್ಟೆ ಕಣ್ಣ ಮುಂದೆ ಬಂತು, ಡಬ್ಬಿಯಲ್ಲಿ ಆರಿಹೋದ ಅನ್ನ ಬಂತು. ಪೆನ್ನು ಕೆಳಗಿಟ್ಟೆ. ಆಗಲಿಲ್ಲ ಬೀಯುನ್. ನೀನು ಹೇಗೆ ಬರೆದೆಯೋ ನನಗೆ ಗೊತ್ತಿಲ್ಲ. ಆಮೇಲೆ ಬೇರೆ ಹೆಸರು ಬರೆದೆ. ಹೆಚ್ಚು ಅರಚದವನು ಯಾರು, ಮಗ್ಗು ಎತ್ತಿಕೊಂಡು ಸುಮ್ಮನೆ ಹೋಗುವವನು ಯಾರು ಎಂದು ನನಗೇ ತಿಳಿಯದಂತೆ ಹುಡುಕುತ್ತಿದ್ದೆ. ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಮೆತ್ತಗಿನವನು ಲೈಫಾ. ಅವನ ಹೆಸರನ್ನು ಮೊದಲು ಬರೆದು ಕಾಗದವನ್ನು ಖಾನೆಯಲ್ಲಿಟ್ಟು ಬೀಗ ಹಾಕಿದ್ದೇನೆ.

ಇವತ್ತು ಬೆಳಿಗ್ಗೆ ಲೈಫಾ ಗಾಜಿನ ಬಾಗಿಲು ತಟ್ಟಿ ಒಳಗೆ ಬಂದ. ದಿನಾ ಮಾಡುವ ಹಾಗೆ ಎರಡೂ ಕೈಯಿಂದ ನನ್ನ ಮಗ್ಗಿಗೆ ಚಹಾ ಹಾಕಿದ. ಹಾಕಿದ ಮೇಲೂ ಹೋಗದೆ ನಿಂತ.

"ಮೇಸ್ತ್ರಿಗಳೇ, ಹೆಂಡ್ತಿ ಮಗೂನ ಊರಿಂದ ಕರ್ಕೊಂಡ್ ಬಂದ್ಬಿಡ್ಲಾ? ಒಂದು ಕೋಣೆ ನೋಡಿದೀನಿ. ನೀವು ಹ್ಞೂಂ ಅಂದ್ರೆ ಮುಂಗಡ ಕೊಟ್ಬಿಡ್ತೀನಿ," ಎಂದ.

ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ನಾನು ಕಣ್ಣು ತಗ್ಗಿಸಿದೆ.

ಹೊಂಗ್ ಶುಯಿಮು